ಬಾಯಿಪಾಠ ಬಿಡಿ, ಮಾತಾಡಿ: ಭಾಷಣ, ಆಶುಭಾಷಣ, ಚರ್ಚಾ ಸ್ಪರ್ಧೆಗೆ ಹೊಸಬರ ತಯಾರಿ

ಸ್ಪರ್ಧೆಗೆ ಇನ್ನು ಮೂರು ದಿನ ಇದೆ ಎನ್ನುವಾಗ ಮಗುವಿನ ಕೈಗೆ ಎರಡು ಹಾಳೆ ಬರುತ್ತದೆ. ಮೇಷ್ಟ್ರು ಬರೆದುಕೊಟ್ಟದ್ದೋ, ಅಕ್ಕ ಬರೆದುಕೊಟ್ಟದ್ದೋ, ಈಗೀಗ ಮೊಬೈಲೇ ಬರೆದುಕೊಟ್ಟದ್ದೋ. ಮಗು ಹಜಾರದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಜಾರಕ್ಕೆ ಓಡಾಡುತ್ತಾ ಅದನ್ನು ಉರು ಹೊಡೆಯುತ್ತದೆ. ವೇದಿಕೆಯ ಮೇಲೆ ಎರಡನೇ ನಿಮಿಷದಲ್ಲಿ ಒಂದು ಪದ ಜಾರುತ್ತದೆ. ಅದರ ಹಿಂದೆಯೇ ಉಳಿದ ಒಂದೂವರೆ ಹಾಳೆಯೂ ಹೋಗುತ್ತದೆ. ಮಗು ಚಾವಣಿ ನೋಡುತ್ತದೆ, ಮೇಷ್ಟ್ರು ನೆಲ ನೋಡುತ್ತಾರೆ.

ತೀರ್ಪುಗಾರರ ಕುರ್ಚಿಯಲ್ಲಿ ಕೂತವರು ಇದನ್ನು ಪ್ರತಿ ಸಲ ನೋಡುತ್ತಾರೆ. ಮಕ್ಕಳಷ್ಟೇ ಅಲ್ಲ, ಡಿಗ್ರಿ ಓದುವವರೂ ಹೀಗೇ ಸಿಕ್ಕಿಹಾಕಿಕೊಳ್ಳುತ್ತಾರೆ. ಇದಕ್ಕೆ ಕಾರಣ ನೆನಪಿನ ಶಕ್ತಿ ಕಮ್ಮಿ ಅಂತಲ್ಲ. ವಾಕ್ಯಗಳನ್ನು ನೆನಪಿಟ್ಟುಕೊಂಡಿದ್ದಾರೆ, ವಿಷಯದ ಹಂದರವನ್ನು ಇಟ್ಟುಕೊಂಡಿಲ್ಲ. ಈ ಲೇಖನದಲ್ಲಿ ಹೇಳಹೊರಟಿರುವ ತಯಾರಿಯೆಲ್ಲ ಇದೊಂದನ್ನು ಸರಿಮಾಡುವುದಕ್ಕೆ.

ಮೊದಲು, ಸ್ಪರ್ಧೆ ಯಾವುದು?

‘ಭಾಷಣ ಸ್ಪರ್ಧೆ’ ಅಂತ ನಾವು ಕರೆಯುವುದರಲ್ಲಿ ನಾಲ್ಕೈದು ಬೇರೆ ಬೇರೆ ಆಟಗಳಿವೆ. ನಮ್ಮ ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿಯನ್ನೇ ನೋಡಿ. ಶಾಲೆ, ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಅಂತ ಮೆಟ್ಟಿಲು ಹತ್ತಿಸುವ ಈ ಸ್ಪರ್ಧೆಯಲ್ಲಿ ಕಂಠಪಾಠ, ಕಥೆ ಹೇಳುವುದು, ಬೇರೆ ಬೇರೆ ಭಾಷೆಗಳ ಭಾಷಣ, ಅಲ್ಲೇ ವಿಷಯ ಕೊಟ್ಟು ಮಾತಾಡಿಸುವ ಆಶುಭಾಷಣ, ಚರ್ಚೆ ಎಲ್ಲ ಪ್ರತ್ಯೇಕ. ಕಂಠಪಾಠಕ್ಕೆ ಉರು ಹೊಡೆಯಲೇಬೇಕು, ಅಲ್ಲಿ ಅಕ್ಷರ ತಪ್ಪಬಾರದು. ಕಷ್ಟ ಏನೆಂದರೆ, ಸಣ್ಣ ತರಗತಿಯಲ್ಲಿ ಕಂಠಪಾಠದಲ್ಲಿ ಗೆದ್ದ ಮಗುವನ್ನೇ ಮುಂದೆ ಭಾಷಣಕ್ಕೆ ಕಳಿಸುತ್ತಾರೆ. ಅದು ಹಳೆಯ ಅಭ್ಯಾಸವನ್ನೇ ಹೊಸ ಆಟಕ್ಕೂ ತರುತ್ತದೆ.

ಕಾಲೇಜಿಗೆ ಬಂದರೆ ಅಂತರಕಾಲೇಜು ಚರ್ಚಾ ಸ್ಪರ್ಧೆಗಳು, ವಿಶ್ವವಿದ್ಯಾಲಯಗಳ ಯುವಜನೋತ್ಸವ. ಕೆಲಸಕ್ಕೆ ಸೇರಿದವರಿಗೆ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳಿವೆ. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಶುರು ಮಾಡಿದ, ಸಭೆಯಲ್ಲಿ ಮಾತಾಡುವುದನ್ನು ಅಭ್ಯಾಸ ಮಾಡುವ ಕೂಟ ಇದು. ಬೆಂಗಳೂರು, ಮೈಸೂರು, ಮಂಗಳೂರಲ್ಲೆಲ್ಲ ನಡೆಯುತ್ತದೆ, ಹೆಚ್ಚಾಗಿ ಇಂಗ್ಲಿಷಿನಲ್ಲಿ. ಅಮೆರಿಕದಲ್ಲಿರುವ ಕನ್ನಡಿಗರ ಮಕ್ಕಳು ಹೈಸ್ಕೂಲಿನಲ್ಲಿ ‘ಸ್ಪೀಚ್ ಅಂಡ್ ಡಿಬೇಟ್’ ಅಂತ ಆಡುವುದು ಇನ್ನೊಂದು ಬಗೆ. ಅಲ್ಲಿ ‘ಎಕ್ಸ್‌ಟೆಂಪ್’ ಎಂಬ ವಿಭಾಗದಲ್ಲಿ ಮೂರು ಪ್ರಶ್ನೆ ಕೊಟ್ಟು ಒಂದನ್ನು ಆರಿಸಿಕೊಳ್ಳಲು ಬಿಡುತ್ತಾರೆ. 30 ನಿಮಿಷ ತಯಾರಿ, 7 ನಿಮಿಷ ಮಾತು. ನಮ್ಮ ಆಶುಭಾಷಣಕ್ಕಿಂತ ತಯಾರಿಗೆ ಸಮಯ ಜಾಸ್ತಿ, ಹಾಗಾಗಿ ಅಂಕಿ-ಅಂಶವನ್ನೂ ಜಾಸ್ತಿ ಕೇಳುತ್ತಾರೆ.

ಯಾವುದೇ ಸ್ಪರ್ಧೆಗೆ ಹೆಸರು ಕೊಡುವ ಮೊದಲು ಆಯೋಜಕರಿಗೆ ಒಂದು ಫೋನ್ ಮಾಡಿ. ಎಷ್ಟು ನಿಮಿಷ? ಮೊದಲ ಬೆಲ್ ಯಾವಾಗ, ಎರಡನೆಯದು ಯಾವಾಗ? ಕೈಯಲ್ಲಿ ಚೀಟಿ ಇಟ್ಟುಕೊಳ್ಳಬಹುದಾ? ವಿಷಯ ಮೊದಲೇ ಕೊಡುತ್ತಾರಾ, ಅಲ್ಲೇ ಕೊಡುತ್ತಾರಾ? ಚರ್ಚೆಯಾದರೆ ಪ್ರಶ್ನೆ ಕೇಳುವ ಸುತ್ತು ಇದೆಯಾ? ಕರಪತ್ರದಲ್ಲಿ ಇವು ಅರ್ಧಂಬರ್ಧ ಇರುತ್ತವೆ. ‘ಚೀಟಿ ನೋಡಿದರೆ ಅಂಕ ಕಡಿತ’ ಎಂಬ ನಿಯಮ ವೇದಿಕೆ ಹತ್ತುವಾಗ ಗೊತ್ತಾದರೆ ಅರ್ಧ ಧೈರ್ಯ ಅಲ್ಲೇ ಹೋಗುತ್ತದೆ.

ಸಮಯದ ಮಾತು ಲಘುವಲ್ಲ. ಟೋಸ್ಟ್‌ಮಾಸ್ಟರ್ಸ್ ಸ್ಪರ್ಧೆಯಲ್ಲಿ 5ರಿಂದ 7 ನಿಮಿಷದ ಭಾಷಣ ನಾಲ್ಕೂವರೆ ನಿಮಿಷಕ್ಕಿಂತ ಕಮ್ಮಿಯಾದರೆ ಅಥವಾ ಏಳೂವರೆ ದಾಟಿದರೆ ಸ್ಪರ್ಧಿ ಹೊರಗೆ. ಎಷ್ಟು ಚೆನ್ನಾಗಿ ಮಾತಾಡಿದ್ದರೂ ಅಷ್ಟೇ. ನಮ್ಮ ಶಾಲಾ ಸ್ಪರ್ಧೆಗಳಲ್ಲಿ ಅಷ್ಟು ಬಿಗಿ ಇರುವುದಿಲ್ಲ. ಆದರೆ ಎರಡನೇ ಬೆಲ್ ಆದಮೇಲೆ ಹೇಳಿದ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ವಿಷಯವನ್ನು ಚಿಕ್ಕದು ಮಾಡಿ

‘ಕೆರೆಗಳ ಸಂರಕ್ಷಣೆ’ ಅಂತ ವಿಷಯ ಕೊಟ್ಟಿದ್ದಾರೆ, ಸಮಯ ಐದು ನಿಮಿಷ ಎಂದುಕೊಳ್ಳಿ. ಹತ್ತರಲ್ಲಿ ಎಂಟು ಜನ ಏನು ಮಾಡುತ್ತಾರೆ? ನೀರಿನ ಮಹತ್ವ, ಪಂಚಭೂತ, ನಾಗರಿಕತೆ ನದಿ ದಂಡೆಯಲ್ಲಿ ಹುಟ್ಟಿದ್ದು, ಮಾಲಿನ್ಯ, ಒತ್ತುವರಿ, ಸರ್ಕಾರದ ಜವಾಬ್ದಾರಿ, ನಮ್ಮ ಜವಾಬ್ದಾರಿ, ಕೊನೆಗೆ ‘ಕೆರೆ ಉಳಿಸಿ, ನಾಡು ಉಳಿಸಿ’. ಎಲ್ಲವೂ ಸರಿ. ಯಾವುದೂ ನೆನಪಿರುವುದಿಲ್ಲ.

ಹಾಗೆ ಮಾಡಬೇಡಿ. ಒಂದೇ ಒಂದು ಸಾಲು ಹಿಡಿಯಿರಿ. ನಮ್ಮ ಊರುಗಳಲ್ಲಿ ಕೆರೆಯ ತೂಬು ಎತ್ತುವುದಕ್ಕೆ, ಗದ್ದೆಗದ್ದೆಗೆ ನೀರು ಹಂಚುವುದಕ್ಕೆ ನೀರುಗಂಟಿ ಅಂತ ಒಬ್ಬ ಇರುತ್ತಿದ್ದ. ಅದೇ ಅವನ ಕೆಲಸ. ಅದಕ್ಕಾಗಿ ಸುಗ್ಗಿಯಲ್ಲಿ ಅವನಿಗೆ ದವಸ ಸಿಗುತ್ತಿತ್ತು. ಇಲ್ಲಿಂದ ಒಂದು ಸಾಲು ಹುಟ್ಟುತ್ತದೆ: ‘ನಮ್ಮ ಕೆರೆಗಳು ಹಾಳಾದದ್ದು, ಕೆರೆ ನೋಡಿಕೊಳ್ಳುವುದು ಯಾರ ಕೆಲಸವೂ ಆಗದೆ ಹೋದಾಗ.’ ಇನ್ನು ಐದು ನಿಮಿಷ ಈ ಸಾಲನ್ನು ಬಿಟ್ಟು ಆಚೆ ಹೋಗುವಂತಿಲ್ಲ.

ಈಗ ಸಾಮಗ್ರಿ ಹುಡುಕುವುದು ಸುಲಭ, ಯಾಕೆಂದರೆ ಏನು ಬೇಡ ಅನ್ನುವುದು ಗೊತ್ತು. ಪಂಚಭೂತ ಬೇಡ, ನಾಗರಿಕತೆ ಬೇಡ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗದಲ್ಲಿ ಧರ್ಮಾಂಬುಧಿ ಕೆರೆ ಇತ್ತು, ಕಂಠೀರವ ಕ್ರೀಡಾಂಗಣ ಇರುವಲ್ಲಿ ಸಂಪಂಗಿ ಕೆರೆ ಇತ್ತು. ಇದು ಬೇಕು. ನಿಮ್ಮ ಊರಿನ ಕೆರೆಗೆ ಹೋಗಿ, ಆ ದಂಡೆಯಲ್ಲಿ ಜಮೀನಿರುವ ಅಜ್ಜನನ್ನು ಕೇಳಿ, ಹೂಳು ಕೊನೆಯ ಸಲ ತೆಗೆದದ್ದು ಯಾವಾಗ ಅಂತ. ಇದೂ ಬೇಕು. ಹುಡುಕಿದರೆ ಸಿಗುವ ಅಂಕಿ-ಸಂಖ್ಯೆ ಎಲ್ಲರ ಬಳಿಯೂ ಇರುತ್ತದೆ. ಆ ಅಜ್ಜನ ಉತ್ತರ ನಿಮ್ಮೊಬ್ಬರ ಬಳಿ ಮಾತ್ರ.

ಹಂದರ ಹೀಗೆ ಬರುತ್ತದೆ. ಶುರುವಿಗೆ ಮೆಜೆಸ್ಟಿಕ್. ಆಮೇಲೆ ನೀರುಗಂಟಿ ಯಾರು, ಏನು ಮಾಡುತ್ತಿದ್ದ. ಆಮೇಲೆ ಆ ಕೆಲಸ ಹೋದಮೇಲೆ ಏನಾಯಿತು, ನಮ್ಮೂರ ಕೆರೆಯ ಉದಾಹರಣೆ. ಕೊನೆಗೆ ಈಗ ಆ ಕೆಲಸ ಯಾರು ಮಾಡಬೇಕು ಎಂಬ ನಿಮ್ಮ ಉತ್ತರ. ನಾಲ್ಕು ಗೂಟ, ಅಷ್ಟೇ. ಇವನ್ನು ನಾಲ್ಕು ಪದಗಳಲ್ಲಿ ಬರೆಯಿರಿ: ಮೆಜೆಸ್ಟಿಕ್, ನೀರುಗಂಟಿ, ಹೂಳು, ಯಾರು. ಉರು ಹೊಡೆಯಬೇಕಾದದ್ದು ಈ ನಾಲ್ಕನ್ನು.

ಬರೆಯುವುದು, ಅಳೆಯುವುದು

ಪೂರ್ತಿ ಬರೆಯಲೇಬಾರದು ಅಂತ ನಾನು ಹೇಳುವುದಿಲ್ಲ. ಒಮ್ಮೆ ಬರೆಯಿರಿ. ಬರೆದಾಗ ಎಲ್ಲಿ ಸುತ್ತುತ್ತಿದ್ದೇವೆ ಅಂತ ಕಣ್ಣಿಗೆ ಕಾಣುತ್ತದೆ. ಆದರೆ ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡಿ. ಒಂದೇ ಉಸಿರಿಗೆ ಮುಗಿಯದ ವಾಕ್ಯವನ್ನು ಎರಡು ಮಾಡಿ. ‘ಪರಿಸರ ಸಂರಕ್ಷಣೆಯ ನಿಟ್ಟಿನಲ್ಲಿ ಸಮುದಾಯದ ಸಹಭಾಗಿತ್ವವು ಅತ್ಯಂತ ಅವಶ್ಯಕವಾಗಿದೆ’ ಎಂದು ಬರೆದಿದ್ದರೆ ಹೊಡೆದುಹಾಕಿ, ‘ಊರಿನವರು ಕೈ ಹಾಕದೆ ಕೆರೆ ಉಳಿಯುವುದಿಲ್ಲ’ ಅನ್ನಿ. ನೀವು ಮನೆಯಲ್ಲಿ ಎಂದೂ ಆಡದ ಪದ ವೇದಿಕೆಯ ಮೇಲೆ ಬಾಯಿಗೆ ಬರುವುದು ಕಷ್ಟ. ಮರೆಯುವುದೂ ಮೊದಲು ಅದನ್ನೇ.

ಕನ್ನಡದಲ್ಲಿ ವಿಭಕ್ತಿ, ಕಾಲ ಎಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ನಮ್ಮ ಪದಗಳು ಉದ್ದ. ಹಾಗಾಗಿ ಇಂಗ್ಲಿಷ್ ಪುಸ್ತಕಗಳು ಹೇಳುವ ‘ನಿಮಿಷಕ್ಕೆ ಇಷ್ಟು ಪದ’ ಎಂಬ ಲೆಕ್ಕ ನಮಗೆ ಹೊಂದುವುದಿಲ್ಲ. ಆತುರ ಇಲ್ಲದೆ ಮಾತಾಡಿದರೆ ನಿಮಿಷಕ್ಕೆ ಸುಮಾರು 80ರಿಂದ 100 ಪದ ಅಂತ ಇಟ್ಟುಕೊಳ್ಳಿ. ಐದು ನಿಮಿಷಕ್ಕೆ 400-450 ಪದ ಸಾಕು. ನಿಮ್ಮ ವೇಗ ನಿಮಗೇ ಗೊತ್ತಾಗಬೇಕಾದರೆ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಇಟ್ಟು ಓದಿ. ಮನೆಯಲ್ಲಿ ನಾಲ್ಕೂವರೆ ನಿಮಿಷಕ್ಕೆ ಮುಗಿಯುವ ಹಾಗೆ ಮಾಡಿಕೊಳ್ಳಿ. ಚಪ್ಪಾಳೆ, ಮೈಕ್ ಸರಿಮಾಡುವುದು, ಒಂದೆರಡು ಕಡೆ ತಡವರಿಸುವುದು ಎಲ್ಲ ಸೇರಿ ಉಳಿದ ಅರ್ಧ ನಿಮಿಷ ತಾನಾಗೇ ತುಂಬುತ್ತದೆ.

ಮೊದಲ ಇಪ್ಪತ್ತು ಸೆಕೆಂಡು

‘ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯಮಾನ್ಯರೇ, ನಿಷ್ಪಕ್ಷಪಾತ ತೀರ್ಪು ನೀಡಲಿರುವ ತೀರ್ಪುಗಾರರೇ, ನನ್ನ ಪೂಜ್ಯ ಗುರುವೃಂದದವರೇ, ನನ್ನಂತೆಯೇ ಸ್ಪರ್ಧೆಗೆ ಬಂದಿರುವ ಸಹೋದರ ಸಹೋದರಿಯರೇ, ಇಂದು ನನಗೆ ಕೊಟ್ಟಿರುವ ವಿಷಯ…’

ಇಷ್ಟು ಹೇಳುವಷ್ಟರಲ್ಲಿ ಅರ್ಧ ನಿಮಿಷ ಹೋಯಿತು. ಮೂವತ್ತು ಸ್ಪರ್ಧಿಗಳಿದ್ದರೆ ತೀರ್ಪುಗಾರರು ಇದನ್ನೇ ಮೂವತ್ತು ಸಲ ಕೇಳುತ್ತಾರೆ, ಅದೂ ಒಮ್ಮೊಮ್ಮೆ ಊಟ ಆದಮೇಲೆ. ‘ಎಲ್ಲರಿಗೂ ನಮಸ್ಕಾರ’ ಸಾಕು. ಹಾಗೆ ಮಾಡಿದರೆ ಮರ್ಯಾದೆ ಕೊಟ್ಟಿಲ್ಲ ಅಂದುಕೊಳ್ಳುತ್ತಾರೆ ಅಂತ ಕೆಲವು ಮೇಷ್ಟ್ರುಗಳಿಗೆ ಭಯ. ಅಂಥ ಕಡೆ ‘ತೀರ್ಪುಗಾರರಿಗೂ ಸಭೆಗೂ ನಮಸ್ಕಾರ’ ಅನ್ನಿ, ಮುಗಿಯಿತು.

ಒಂದು ಕ್ಷಣ ನಿಂತು, ಎದುರಿನವರನ್ನು ನೋಡಿ, ನೇರ ವಿಷಯಕ್ಕೆ ಬನ್ನಿ. ‘ನೀವು ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದ್ದೀರಾ? ಹಾಗಾದರೆ ಒಂದು ಕೆರೆಯೊಳಗೆ ನಿಂತು ಬಂದಿದ್ದೀರಿ.’ ತಲೆ ತಗ್ಗಿಸಿ ಅಂಕಪಟ್ಟಿ ತುಂಬುತ್ತಿದ್ದ ತೀರ್ಪುಗಾರರು ತಲೆ ಎತ್ತುತ್ತಾರೆ. ವಚನ, ಮುಕ್ತಕ, ಗಾದೆಯಿಂದ ಶುರು ಮಾಡುವುದು ತಪ್ಪೇನಲ್ಲ. ಆದರೆ ಯಾವ ವಿಷಯಕ್ಕೂ ಹೊಂದುತ್ತದೆ ಅಂತ ಎಲ್ಲರೂ ಇಟ್ಟುಕೊಂಡಿರುವ ಅದೇ ನಾಲ್ಕು ಸಾಲು ನಿಮಗೆ ಮೊದಲು ಬಂದವರು ಆಗಲೇ ಹೇಳಿರುತ್ತಾರೆ.

ಮೊದಲ ಎರಡು ವಾಕ್ಯ, ಕೊನೆಯ ಎರಡು ವಾಕ್ಯ. ಇವನ್ನು ಮಾತ್ರ ಅಕ್ಷರ ಬಿಡದೆ ಬಾಯಿಪಾಠ ಮಾಡಿ. ಎದೆ ಹೊಡೆದುಕೊಳ್ಳುವಾಗ ಶುರು ಸಿಕ್ಕಿಬಿಟ್ಟರೆ ಉಳಿದದ್ದು ಬರುತ್ತದೆ. ಕೊನೆ ಗೊತ್ತಿದ್ದರೆ, ಬೆಲ್ ಹೊಡೆದಾಗ ಎಲ್ಲಿದ್ದರೂ ಅಲ್ಲಿಂದ ಕೊನೆಗೆ ಜಿಗಿಯಬಹುದು. ‘ಇಷ್ಟು ಹೇಳಿ ನನ್ನ ಎರಡು ಮಾತನ್ನು ಮುಗಿಸುತ್ತೇನೆ, ಮಾತನಾಡಲು ಅವಕಾಶ ಮಾಡಿಕೊಟ್ಟ ತಮಗೆಲ್ಲರಿಗೂ…’ ಎನ್ನುವುದು ಕೊನೆಯಲ್ಲ. ಅದು ಬಾಗಿಲ ಬಳಿ ನಿಂತು ಚಪ್ಪಲಿ ಹುಡುಕುವುದು.

ಅಭ್ಯಾಸ

ನಾಲ್ಕು ಪದದ ಚೀಟಿ ಹಿಡಿದು, ಬರೆದ ಹಾಳೆ ನೋಡದೆ, ಎದ್ದು ನಿಂತು ಗಟ್ಟಿಯಾಗಿ ಮಾತಾಡಿ. ಮೊದಲ ಸಲ ಚೆನ್ನಾಗಿ ಬರುವುದಿಲ್ಲ. ಮತ್ತೆ ಮಾಡಿ. ಪ್ರತಿ ಸಲವೂ ವಾಕ್ಯಗಳು ಬೇರೆ ಬೇರೆಯಾಗಿ ಬಂದರೆ ಗಾಬರಿಯಾಗಬೇಡಿ, ಅದೇ ನಮಗೆ ಬೇಕಾದದ್ದು. ಒಂದೇ ಸಂಗತಿಯನ್ನು ಮೂರು ಥರ ಹೇಳಿ ಅಭ್ಯಾಸ ಇರುವವರು ಒಂದು ಥರ ಮರೆತರೆ ಇನ್ನೊಂದು ಥರ ಹೇಳುತ್ತಾರೆ. ಪದ ಜಾರಿದ್ದು ಕೇಳುವವರಿಗೆ ಗೊತ್ತೇ ಆಗುವುದಿಲ್ಲ.

ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದರಲ್ಲಿ ನಂಬಿಕೆ ಕಮ್ಮಿ. ಕನ್ನಡಿಯಲ್ಲಿ ನಮ್ಮ ಮುಖ ನೋಡಿಕೊಳ್ಳುತ್ತೇವೆಯೇ ಹೊರತು ಮಾತು ಕೇಳಿಸಿಕೊಳ್ಳುವುದಿಲ್ಲ. ಮೊಬೈಲಿನಲ್ಲಿ ಧ್ವನಿ ಮಾತ್ರ ರೆಕಾರ್ಡ್ ಮಾಡಿ ಕೇಳಿ. ‘ಅಂದ್ರೆ’, ‘ಆಮೇಲೆ’, ‘ಏನಂತಂದ್ರೆ’ ಎಷ್ಟು ಸಲ ಬಂತು ಅಂತ ಎಣಿಸಿ. ಆಮೇಲೆ ವಿಷಯ ಗೊತ್ತಿಲ್ಲದ ಒಬ್ಬರ ಮುಂದೆ ಹೇಳಿ. ಅಜ್ಜಿ ಆಗಬಹುದು, ಪಕ್ಕದ ಮನೆಯ ಆಂಟಿ ಆಗಬಹುದು. ಮುಗಿಸಿದ ಮೇಲೆ ‘ಹೇಗಿತ್ತು’ ಅಂತ ಕೇಳಬೇಡಿ, ಎಲ್ಲರೂ ‘ಚೆನ್ನಾಗಿತ್ತು ಪುಟ್ಟ’ ಅನ್ನುತ್ತಾರೆ. ‘ನಾನು ಏನು ಹೇಳಿದೆ ಅಜ್ಜಿ?’ ಅಂತ ಕೇಳಿ. ನಿಮ್ಮ ಆ ಒಂದು ಸಾಲು ಅವರ ಬಾಯಲ್ಲಿ ವಾಪಸ್ ಬಂದರೆ ಭಾಷಣ ಸಿದ್ಧ.

ಉಚ್ಚಾರಣೆಗೆ ನಮ್ಮ ಸ್ಪರ್ಧೆಗಳಲ್ಲಿ ಅಂಕ ಇರುತ್ತದೆ, ತೀರ್ಪುಗಾರರಲ್ಲಿ ಕನ್ನಡ ಮೇಷ್ಟ್ರು ಒಬ್ಬರಾದರೂ ಇರುತ್ತಾರೆ. ಹಾಲು ‘ಆಲು’ ಆಗುವುದು, ಆದರ ‘ಹಾದರ’ ಆಗುವುದು, ಳ ಬರಬೇಕಾದಲ್ಲಿ ಲ, ಶ ಬರಬೇಕಾದಲ್ಲಿ ಸ. ಇವು ಅವರ ಕಿವಿಗೆ ಚುಚ್ಚುತ್ತವೆ. ದಿನಾ ಹತ್ತು ನಿಮಿಷ ಪತ್ರಿಕೆಯ ಒಂದು ಸುದ್ದಿಯನ್ನು ಜೋರಾಗಿ, ನಿಧಾನವಾಗಿ ಓದಿ. ನಾಲಿಗೆ ಸಡಿಲವಾಗಲು ‘ತರೀಕೆರೆ ಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯ್ತಿತ್ತು’ ಇದ್ದೇ ಇದೆ. ಆದರೆ ಊರಿನ ಧಾಟಿ ಬೇರೆ ವಿಚಾರ. ಧಾರವಾಡದ ಹುಡುಗಿಯ ಮಾತಿನಲ್ಲಿ ಧಾರವಾಡ, ಕುಂದಾಪುರದ ಹುಡುಗನ ಮಾತಿನಲ್ಲಿ ಕುಂದಾಪುರ ಸ್ವಲ್ಪ ಕೇಳಿಸಿದರೆ ಅದನ್ನು ತಿದ್ದಲು ಹೋಗಬೇಡಿ. ತಿದ್ದಿದ ಮಕ್ಕಳು ರೇಡಿಯೊ ವಾರ್ತೆ ಓದಿದ ಹಾಗೆ ಮಾತಾಡುತ್ತಾರೆ.

ಕೈಯ ಬಗ್ಗೆ ಒಂದು ಮಾತು. ‘ಆಕಾಶ’ ಅಂದಾಗ ಕೈ ಮೇಲೆ, ‘ಭೂಮಿ’ ಅಂದಾಗ ಕೈ ಕೆಳಗೆ, ‘ನಾವೆಲ್ಲರೂ’ ಅಂದಾಗ ಎರಡೂ ಕೈ ಅಗಲ. ಇದು ಅಭಿನಯ ಗೀತೆಗೆ ಸರಿ, ಭಾಷಣಕ್ಕಲ್ಲ. ಮನೆಯಲ್ಲಿ ಜಗಳ ಆಡುವಾಗ ಕೈ ಹೇಗೆ ಆಡುತ್ತದೋ ಹಾಗೆ ಆಡಲಿ, ಸಾಕು.

ಆಶುಭಾಷಣ: ಚೀಟಿ ಬಿಚ್ಚಿದ ಮೇಲೆ

ಹೊಸಬರಿಗೆ ಜಾಸ್ತಿ ಭಯ ಇರುವುದು ಇದಕ್ಕೆ. ಚೀಟಿ ಎತ್ತುತ್ತೀರಿ, ಒಂದೆರಡು ನಿಮಿಷ ಯೋಚನೆಗೆ, ಎರಡು ಮೂರು ನಿಮಿಷ ಮಾತಿಗೆ. ಟೋಸ್ಟ್‌ಮಾಸ್ಟರ್ಸ್‌ನ ‘ಟೇಬಲ್ ಟಾಪಿಕ್ಸ್’ ಇದರದೇ ಅಣ್ಣ. ಅಲ್ಲಿ ಯೋಚನೆಗೆ ಸಮಯವೇ ಕೊಡುವುದಿಲ್ಲ. ಪ್ರಶ್ನೆ ಕೇಳಿದ ಕೂಡಲೇ ಒಂದರಿಂದ ಎರಡು ನಿಮಿಷ ಮಾತಾಡಬೇಕು.

ಚೀಟಿಯಲ್ಲಿ ‘ಬಸ್ ನಿಲ್ದಾಣ’ ಅಂತ ಬಂತು ಅನ್ನಿ. ತಲೆ ಖಾಲಿ. ಇಲ್ಲಿ ಬುದ್ಧಿವಂತಿಕೆ ಮಾಡಲು ಹೋಗಬೇಡಿ, ಮೊದಲೇ ಇಟ್ಟುಕೊಂಡಿರುವ ಒಂದು ಅಚ್ಚಿಗೆ ವಿಷಯವನ್ನು ಸುರಿಯಿರಿ. ನಿನ್ನೆ-ಇವತ್ತು-ನಾಳೆ ಒಂದು ಅಚ್ಚು. ಮನೆ-ಊರು-ದೇಶ ಇನ್ನೊಂದು. ಒಬ್ಬರು ನೋಡುವ ರೀತಿ-ಇನ್ನೊಬ್ಬರು ನೋಡುವ ರೀತಿ-ನಾನು ನೋಡುವ ರೀತಿ ಮತ್ತೊಂದು. ಬಸ್ ನಿಲ್ದಾಣಕ್ಕೆ ಮೂರನೆಯದು ಚೆನ್ನಾಗಿ ಹೊಂದುತ್ತದೆ. ಕಡ್ಲೆಕಾಯಿ ಮಾರುವವನಿಗೆ ಅದು ಅಂಗಡಿ. ಕೊನೆಯ ಬಸ್ ತಪ್ಪಿಸಿಕೊಂಡವನಿಗೆ ಅದು ಲಾಡ್ಜು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಟಿಕೆಟ್ ದುಡ್ಡಿಗೆ ಯಾರನ್ನೂ ಕೇಳದೆ ತವರಿಗೆ ಹೊರಟ ಹೆಂಗಸಿಗೆ ಅದು ಏನು? ಇಲ್ಲಿಗೆ ಬಂದು ನಿಂತರೆ ನಿಮ್ಮ ಭಾಷಣಕ್ಕೆ ಕೊನೆ ಸಿಕ್ಕಿತು. ಯೋಚನೆಯ ಸಮಯದಲ್ಲಿ ಚೀಟಿಯ ಹಿಂದೆ ಬರೆಯಬೇಕಾದದ್ದು ಮೂರೇ ಪದ: ಕಡ್ಲೆಕಾಯಿ, ಲಾಸ್ಟ್ ಬಸ್, ಶಕ್ತಿ.

ಕೊನೆಯದನ್ನು ಮೊದಲು ನಿರ್ಧರಿಸಿ, ಆಮೇಲೆ ಶುರುವಿನ ಬಗ್ಗೆ ಯೋಚಿಸಿ. ಹೆಚ್ಚಿನವರು ಉಲ್ಟಾ ಮಾಡುತ್ತಾರೆ. ಶುರು ಚೆನ್ನಾಗಿ ಬರುತ್ತದೆ, ಒಂದು ನಿಮಿಷ ಆದಮೇಲೆ ಎಲ್ಲಿಗೆ ಹೋಗಬೇಕು ಅಂತ ತಿಳಿಯದೆ ಅದನ್ನೇ ಮತ್ತೆ ಹೇಳುತ್ತಾರೆ.

ಅಭ್ಯಾಸಕ್ಕೆ ದುಡ್ಡು ಬೇಡ. ರಾತ್ರಿ ಊಟದ ಹೊತ್ತಿಗೆ ಮನೆಯವರೆಲ್ಲ ಒಂದೊಂದು ಚೀಟಿ ಬರೆದು ಲೋಟಕ್ಕೆ ಹಾಕಿ. ಕೊಡೆ, ಸೊಳ್ಳೆ, ರೇಷನ್ ಕಾರ್ಡ್, ಪಕ್ಕದ ಮನೆ ನಾಯಿ, ಏನಾದರೂ ಸರಿ. ಅಪ್ಪ ಅಮ್ಮನೂ ಎತ್ತಿ ಮಾತಾಡಬೇಕು. ಮಕ್ಕಳಿಗೆ ಧೈರ್ಯ ಬರುವುದು ಅಪ್ಪ ತಡವರಿಸುವುದನ್ನು ನೋಡಿದಾಗ.

ಚರ್ಚಾ ಸ್ಪರ್ಧೆ

ನನಗೆ ತುಂಬಾ ಇಷ್ಟದ ಆಟ ಇದು, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ನಮ್ಮ ಅಂತರಕಾಲೇಜು ಚರ್ಚಾ ಸ್ಪರ್ಧೆಗಳಲ್ಲಿ ಒಂದು ವಿಶೇಷ ಪದ್ಧತಿ ಇದೆ. ಒಂದು ಕಾಲೇಜಿನಿಂದ ಇಬ್ಬರು ಹೋಗುತ್ತಾರೆ, ಒಬ್ಬರು ಪರ, ಒಬ್ಬರು ವಿರೋಧ. ಇಬ್ಬರ ಅಂಕ ಕೂಡಿಸಿ ರೋಲಿಂಗ್ ಶೀಲ್ಡ್ ಕೊಡುತ್ತಾರೆ, ವೈಯಕ್ತಿಕ ಬಹುಮಾನ ಬೇರೆ. ಅಂದರೆ ನಿಮ್ಮ ಜೋಡಿಯೇ ನಿಮ್ಮ ಎದುರಾಳಿ. ಆದರೂ ಹೆಚ್ಚಿನ ಜೋಡಿಗಳು ಬೇರೆ ಬೇರೆ ಮೂಲೆಯಲ್ಲಿ ಕೂತು ಬೇರೆ ಬೇರೆ ಭಾಷಣ ಬರೆದುಕೊಂಡು ಬರುತ್ತವೆ. ಒಟ್ಟಿಗೆ ಕೂತು ತಯಾರಿ ಮಾಡಿದರೆ ಎದುರಿನವರು ಏನು ಹೇಳುತ್ತಾರೆ ಅಂತ ಊಹೆ ಮಾಡುವ ಕೆಲಸವೇ ಇರುವುದಿಲ್ಲ, ಅವರು ನಿಮ್ಮ ಪಕ್ಕದಲ್ಲೇ ಕೂತಿರುತ್ತಾರೆ.

‘ಪ್ಲಾಸ್ಟಿಕ್ ಪಿಡುಗಿಗೆ ನಿಷೇಧವೇ ಪರಿಹಾರ’ ಎಂಬ ವಿಷಯ ಇದೆ ಅಂತ ಇಟ್ಟುಕೊಳ್ಳೋಣ. ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಪರ, ಬಲಕ್ಕೆ ವಿರೋಧ. ಈಗ ಒಂದೊಂದೇ ಸಂಗತಿಯನ್ನು ಎರಡೂ ಕಡೆ ಇಟ್ಟು ನೋಡಿ. ಕರ್ನಾಟಕ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ-ಲೋಟ, ಫ್ಲೆಕ್ಸ್‌ಗಳನ್ನು ನಿಷೇಧಿಸಿತು. ವಿರೋಧದವರಿಗೆ ಇದು ಹಬ್ಬ: ‘2016ರಲ್ಲಿ ನಿಷೇಧ ಆಗಿದೆ. ನಿನ್ನೆ ಸಂತೆಯಲ್ಲಿ ನಿಮಗೆ ಟೊಮೆಟೊ ಯಾವುದರಲ್ಲಿ ಹಾಕಿಕೊಟ್ಟರು?’ ಪರದವರು ಸುಮ್ಮನಿರಬೇಕಾ? ಇಲ್ಲ. ‘ಒಂದು ರಾಜ್ಯದ ನಿಷೇಧ ಪಕ್ಕದ ರಾಜ್ಯದಿಂದ ಬರುವ ಲಾರಿಯನ್ನು ತಡೆಯುವುದಿಲ್ಲ. ಅದಕ್ಕೇ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳನ್ನು ದೇಶಕ್ಕೆಲ್ಲ ನಿಷೇಧಿಸಬೇಕಾಯಿತು. ನಿಷೇಧ ಸೋತದ್ದಲ್ಲ, ಅರ್ಧ ಜಾರಿಯಾದದ್ದು.’ ಒಂದೇ ಸಂಗತಿ, ಎರಡು ಹಿಡಿಕೆ. ಹೀಗೆ ನಾಲ್ಕು ಸಂಗತಿ ಸಿದ್ಧವಾದರೆ ಚರ್ಚೆಗೆ ಸಾಕು. ಪರ ವಹಿಸಬೇಕಾದವರು ಒಂದು ಸಂಜೆ ವಿರೋಧ ಮಾತಾಡಲಿ, ವಿರೋಧದವರು ಪರ. ಆಗ ನಿಮ್ಮ ವಾದದ ತೂತು ನಿಮಗೇ ಕಾಣುತ್ತದೆ.

ವೇದಿಕೆಯ ಮೇಲೆ ಹೆಚ್ಚು ಅಂಕ ಬರುವುದು ಖಂಡನೆಗೆ. ನೀವು ಹನ್ನೆರಡನೆಯವರಾಗಿ ಮಾತಾಡುವುದಾದರೆ ಹನ್ನೊಂದು ಜನರ ಮಾತು ಕೇಳಿಸಿಕೊಂಡಿರುತ್ತೀರಿ. ಹಾಗಿದ್ದೂ ಮನೆಯಿಂದ ತಂದದ್ದನ್ನೇ ಒಪ್ಪಿಸಿ ಇಳಿದರೆ ಅದು ಚರ್ಚೆ ಅಲ್ಲ. ಕೂತಲ್ಲಿ ಪೆನ್ನು-ಹಾಳೆ ಇರಲಿ. ಎದುರು ಪಕ್ಷದ ಗಟ್ಟಿಯಾದ ಒಂದು ಮಾತು ಆರಿಸಿಕೊಳ್ಳಿ. ಸಡಿಲವಾದದ್ದನ್ನು ಹೊಡೆಯುವುದು ಸುಲಭ, ಆದರೆ ತೀರ್ಪುಗಾರರಿಗೆ ಅದು ಗೊತ್ತಾಗುತ್ತದೆ. ‘ನನಗಿಂತ ಮೊದಲು ಮಾತಾಡಿದ ಗೆಳತಿ ಹೀಗೆ ಹೇಳಿದರು’ ಅಂತ ಅವರ ಮಾತನ್ನು ತಿರುಚದೆ ಒಂದು ಸಾಲಿನಲ್ಲಿ ಹೇಳಿ. ಅದರಲ್ಲಿ ಒಪ್ಪುವುದೇನಾದರೂ ಇದ್ದರೆ ಒಪ್ಪಿ. ಆಮೇಲೆ ಎಲ್ಲಿ ಒಪ್ಪುವುದಿಲ್ಲ, ಯಾಕೆ, ಅಂತ ಹೇಳಿ. ವ್ಯಕ್ತಿಯ ಮೇಲೆ, ಕಾಲೇಜಿನ ಮೇಲೆ ಹೋಗಬೇಡಿ. ಚಪ್ಪಾಳೆ ಬೀಳುತ್ತದೆ, ಅಂಕ ಬೀಳುವುದಿಲ್ಲ.

ಇದನ್ನು ಕಲಿಯಲು ನಮ್ಮಲ್ಲೇ ಒಂದು ದೊಡ್ಡ ಶಾಲೆ ಇದೆ, ಕರಾವಳಿ ಮತ್ತು ಮಲೆನಾಡಿನ ತಾಳಮದ್ದಳೆ, ಅಂದರೆ ಮಾತಿನಲ್ಲೇ ನಡೆಯುವ ಯಕ್ಷಗಾನ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತು ಕಟ್ಟುತ್ತಾರೆ. ಅವರು ಪ್ರಸಂಗ ಬಲ್ಲರು, ಪದ್ಯ ಬಲ್ಲರು, ಆದರೆ ಎದುರಿಗೆ ಕೂತವರು ಇವತ್ತು ಏನು ಕೇಳುತ್ತಾರೆ ಅಂತ ಗೊತ್ತಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯ ರೆಕಾರ್ಡಿಂಗ್‌ಗಳು ಹುಡುಕಿದರೆ ಸಿಗುತ್ತವೆ. ರಾವಣನೋ ವಾಲಿಯೋ ಮಾತಾಡುವಾಗ ‘ಇವನು ಹೇಳುವುದೂ ಸರಿ ಅಲ್ವಾ’ ಅನ್ನಿಸುವ ಹಾಗೆ ವಾದ ಕಟ್ಟುವುದು ಹೇಗೆ ಅಂತ ಕೇಳಿ. ಅವರ ಭಾಷೆಯನ್ನು ನಕಲು ಮಾಡಬೇಡಿ, ಅದು ಪ್ರಸಂಗಕ್ಕೆ ಸೇರಿದ್ದು. ಎದುರಿನವರ ಮಾತಿನಿಂದಲೇ ಒಂದು ಎಳೆ ಹಿಡಿದು ತಮ್ಮ ಮಾತು ಶುರು ಮಾಡುತ್ತಾರಲ್ಲ, ಅದನ್ನು ಗಮನಿಸಿ. ಬಾಯಿಪಾಠದಿಂದ ಅದು ಆಗುವುದಿಲ್ಲ, ಬರೀ ಹಂದರದಿಂದಲೇ ಇಡೀ ರಾತ್ರಿ ನಡೆಯುತ್ತದೆ.

ಆ ದಿನ

ಅರ್ಧ ಗಂಟೆ ಮೊದಲು ಹೋಗಿ. ಸಭಾಂಗಣ ಖಾಲಿ ಇದ್ದರೆ ವೇದಿಕೆ ಹತ್ತಿ ಒಮ್ಮೆ ನಿಂತು ಬನ್ನಿ. ಪೋಡಿಯಂ ಎತ್ತರ ನೋಡಿ. ಚಿಕ್ಕ ಮಕ್ಕಳ ಜಡೆ ಮಾತ್ರ ಕಾಣುವ ಪೋಡಿಯಂಗಳು ನಮ್ಮ ಶಾಲೆಗಳಲ್ಲಿ ಬೇಕಾದಷ್ಟಿವೆ. ಹಾಗಿದ್ದರೆ ಪಕ್ಕಕ್ಕೆ ಬಂದು ನಿಲ್ಲಬಹುದಾ ಅಂತ ಮೊದಲೇ ಕೇಳಿಕೊಳ್ಳಿ. ಮೈಕ್ ಬಾಯಿಂದ ನಾಲ್ಕು ಬೆರಳು ದೂರ ಇರಲಿ. ತಟ್ಟಿ ನೋಡುವುದು, ಊದಿ ನೋಡುವುದು ಬೇಡ. ಕರೆಂಟ್ ಹೋದರೆ ನಿಲ್ಲಿಸಬೇಡಿ, ಒಂದು ಹೆಜ್ಜೆ ಮುಂದೆ ಬಂದು ಕೊನೆಯ ಬೆಂಚಿಗೆ ಕೇಳುವ ಹಾಗೆ ಮಾತು ಮುಂದುವರಿಸಿ.

ಹೊಟ್ಟೆ ತುಂಬಾ ತಿಂದು ವೇದಿಕೆ ಹತ್ತಬೇಡಿ, ಖಾಲಿ ಹೊಟ್ಟೆಯೂ ಬೇಡ. ಬಾಯಿ ಒಣಗುತ್ತದೆ, ಬಾಟಲಿ ಜೊತೆಗಿರಲಿ. ಕೈ ನಡುಗುತ್ತದೆ ಅಂತಾದರೆ ಹಾಳೆ ಹಿಡಿಯಬೇಡಿ, ಹಾಳೆ ನಡುಕವನ್ನು ದೊಡ್ಡದು ಮಾಡಿ ತೋರಿಸುತ್ತದೆ. ಅಂಗೈಯಗಲದ ದಪ್ಪ ಕಾಗದ ಸಾಕು, ನಿಮ್ಮ ನಾಲ್ಕು ಪದಕ್ಕೆ ಅದೇ ಜಾಸ್ತಿ.

ಮಾತು ಮರೆತುಹೋದರೆ? ‘ಸಾರಿ’ ಅನ್ನಬೇಡಿ. ಸುಮ್ಮನೆ ನಿಂತು ಒಂದು ಉಸಿರು ತೆಗೆದುಕೊಳ್ಳಿ. ನಿಮಗೆ ಒಂದು ಯುಗ ಅನ್ನಿಸುವ ಆ ಮೂರು ಸೆಕೆಂಡನ್ನು ಸಭೆ ನೀವು ಬೇಕಂತಲೇ ನಿಲ್ಲಿಸಿದಿರಿ ಅಂದುಕೊಳ್ಳುತ್ತದೆ. ಈಗ ಮುಂದಿನ ಗೂಟಕ್ಕೆ ಹೋಗಿ. ನೀರುಗಂಟಿಯ ಎರಡನೇ ಉದಾಹರಣೆ ತಪ್ಪಿಹೋಯಿತಾ, ಹೋಗಲಿ, ಹೂಳಿಗೆ ಬನ್ನಿ. ನೀವು ಏನು ಬಿಟ್ಟಿರಿ ಅಂತ ನಿಮಗೆ ಬಿಟ್ಟು ಇನ್ಯಾರಿಗೂ ಗೊತ್ತಿಲ್ಲ.

ಅಪ್ಪ-ಅಮ್ಮಂದಿರಿಗೆ, ಮೇಷ್ಟ್ರಿಗೆ ಒಂದು ಕೋರಿಕೆ. ಮಗು ಮಾತಾಡುವಾಗ ಮೊದಲ ಸಾಲಿನಲ್ಲಿ ಕೂತು ತುಟಿ ಅಲ್ಲಾಡಿಸಬೇಡಿ. ಮಗು ಸಭೆಯನ್ನು ಬಿಟ್ಟು ನಿಮ್ಮ ತುಟಿಯನ್ನೇ ನೋಡುತ್ತದೆ. ಹಿಂದೆ ಹೋಗಿ ಕೂತುಕೊಳ್ಳಿ.

ಫಲಿತಾಂಶದ ನಂತರ

ಬಹುಮಾನ ಬಂದರೂ ಬರದಿದ್ದರೂ ತೀರ್ಪುಗಾರರು ಹೊರಡುವ ಮೊದಲು ಹತ್ತಿರ ಹೋಗಿ. ‘ನನಗೆ ಯಾಕೆ ಬರಲಿಲ್ಲ ಸರ್’ ಅಂತ ಕೇಳಿದರೆ ಅವರು ಮುಜುಗರದಿಂದ ‘ಎಲ್ಲರೂ ಚೆನ್ನಾಗಿ ಮಾತಾಡಿದರಮ್ಮ’ ಅಂದು ಕಾರು ಹತ್ತುತ್ತಾರೆ. ‘ಯಾವ ಜಾಗದಲ್ಲಿ ನನ್ನ ಮಾತು ಸಪ್ಪೆ ಆಯಿತು, ಮೇಡಂ?’ ಅಂತ ಕೇಳಿ. ಇದಕ್ಕೆ ಉತ್ತರ ಸಿಗುತ್ತದೆ, ಯಾಕೆಂದರೆ ಆ ಜಾಗದಲ್ಲಿ ಅವರು ಗಡಿಯಾರ ನೋಡಿಕೊಂಡಿರುತ್ತಾರೆ. ಅದನ್ನು ಅಲ್ಲೇ ಚೀಟಿಯ ಹಿಂದೆ ಬರೆದುಕೊಳ್ಳಿ. ಗೆದ್ದವರ ಭಾಷಣ ರೆಕಾರ್ಡ್ ಆಗಿದ್ದರೆ ಕೇಳಿ ತರಿಸಿಕೊಳ್ಳಿ, ಅದರ ಹಂದರವನ್ನು ನಾಲ್ಕು ಪದಗಳಲ್ಲಿ ಬರೆಯಲು ಪ್ರಯತ್ನಿಸಿ. ಮುಂದಿನ ಸ್ಪರ್ಧೆ ಕ್ಲಸ್ಟರ್‌ನದೋ ತಾಲ್ಲೂಕಿನದೋ ಆಗಿ ವಿಷಯ ಅದೇ ಇದ್ದರೆ, ಇಡೀ ಭಾಷಣ ಬದಲಿಸಲು ಹೋಗಬೇಡಿ. ಸಪ್ಪೆಯಾದ ಆ ಒಂದು ಗೂಟವನ್ನು ಕಿತ್ತು ಬೇರೆ ನೆಡಿ.